ನಿಗಾ ಮತ್ತು ಜಾಸೂಸಿ

ಕನ್ನಡದ ‘ನಿಗಾ’ ಬಂದದ್ದು ಫಾರ್ಸಿ-ಉರ್ದುವಿನ ‘ನಿಗಾಹ್’ನಿಂದ, ಅಂದರೆ ನೋಟ. ಅದೇ ಮೂಲದ ‘ನಿಗೆಹಬಾನ್’ ಎಂದರೆ ಕಾಯುವವನು. ಅಡಗಿ ನೋಡುವವನಿಗೆ ಬೇರೆಯೇ ಮಾತಿದೆ: ಜಾಸೂಸ್. ಮಕ್ಕಳ ಮೊಬೈಲಿಗೆ ಕಾವಲು ತಂತ್ರಾಂಶ ಆರಿಸುವ ತಂದೆತಾಯಿಗಳು ಮೊದಲು ಈ ಅಂತರವನ್ನು ಗಮನಿಸಬೇಕು.

ಗೂಗಲ್ 2017ರಲ್ಲಿ ತಂದ ‘ಫ್ಯಾಮಿಲಿ ಲಿಂಕ್’ ಮೊದಲ ಬಗೆಯದು. ಯಾವ ಆ್ಯಪ್ ಬೇಕು, ದಿನಕ್ಕೆಷ್ಟು ಹೊತ್ತು ಎಂಬುದನ್ನು ಹೆತ್ತವರು ಗೊತ್ತುಮಾಡಬಹುದು, ಮಗು ಎಲ್ಲಿದೆಯೆಂದು ನೋಡಬಹುದು, ಸಂದೇಶಗಳನ್ನು ಓದಲಾಗದು. ಕಾವಲಿದೆಯೆಂದು ಮಗುವಿಗೂ ಗೊತ್ತಿರುತ್ತದೆ. ಜಾಸೂಸಿ ಬಗೆಯವು ಮಗುವಿಗೆ ತಿಳಿಯದಂತೆ ಸಂದೇಶ, ಕರೆ, ಓಡಾಟ ಎಲ್ಲವನ್ನೂ ಕಂಪನಿಯ ಸರ್ವರ್‌ಗೆ ಸಾಗಿಸುತ್ತವೆ. ಅಲ್ಲಿ ಅವು ಕ್ಷೇಮವೇ? ಅಮೆರಿಕದ ‘ಟೀನ್‌ಸೇಫ್’ ಎಂಬ ಆ್ಯಪ್‌ನ ಸರ್ವರ್ 2018ರಲ್ಲಿ ರಕ್ಷಣೆಯಿಲ್ಲದೆ ತೆರೆದುಬಿದ್ದಿತ್ತು. ಸಾವಿರಾರು ಖಾತೆಗಳ ವಿವರ, ಮಕ್ಕಳ ಆಪಲ್ ಐಡಿ, ಪಾಸ್‌ವರ್ಡ್‌ಗಳೂ ಅದರಲ್ಲಿದ್ದವು. ಹೆತ್ತವರು ಕಾವಲಿಗೆಂದು ಕೊಟ್ಟ ಕೀಲಿ ಬೀದಿಗೆ ಬಿತ್ತು.

ಇನ್ನೊಂದು ಪ್ರಶ್ನೆ ನಮ್ಮನ್ನೇ ಕೇಳಿಕೊಳ್ಳಬೇಕಾದದ್ದು. ಮಗಳ ಮೊಬೈಲಿಗೆ ಹಾಕಿದ ಕಾವಲನ್ನು ಮಗನ ಮೊಬೈಲಿಗೂ ಹಾಕಿದ್ದೇವೆಯೇ? ಇಲ್ಲವಾದರೆ ನಮ್ಮದು ಇಂಟರ್‌ನೆಟ್ಟಿನ ಚಿಂತೆಯಲ್ಲ, ಮಗಳ ಮೇಲಿನ ಶಂಕೆ. ಅಪರಿಚಿತನೊಬ್ಬ ಫೋಟೋ ತೋರಿಸಿ ಬೆದರಿಸಿದಾಗ, ಮನೆಯಲ್ಲಿ ಬೈದು ಮೊಬೈಲ್ ಕಿತ್ತುಕೊಂಡಾರೆಂಬ ಭಯಕ್ಕೆ ಆಕೆ ಸುಮ್ಮನಾಗಿಬಿಟ್ಟರೆ ಯಾವ ತಂತ್ರಾಂಶವೂ ನೆರವಿಗೆ ಬಾರದು.

ಆದ್ದರಿಂದ ಬೆಲೆ, ಸೌಲಭ್ಯಗಳನ್ನು ಹೋಲಿಸುವ ಮುನ್ನ ಮೂರು ಸಂಗತಿ ನೋಡೋಣ: ಮಾಹಿತಿ ಎಲ್ಲಿಗೆ ಹೋಗುತ್ತದೆ, ವಯಸ್ಸು ಏರಿದಂತೆ ಕಾವಲು ಸಡಿಲಿಸಲು ಬರುತ್ತದೆಯೇ, ಮಗುವಿಗೆ ಹೇಳಿಯೇ ಹಾಕಬಹುದೇ. ಕೊನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ಕೊಳ್ಳದಿರುವುದೇ ಲೇಸು.