‘ಯಾಕೋ’ ಅಂದ್ರೆ ಏನಪ್ಪಾ?

2007ರ ಒಂದು ಭಾನುವಾರ. ಊರಿಂದ ಬಂದ ಭಾವಮೈದ ತಂದುಕೊಟ್ಟ ‘ಮುಂಗಾರು ಮಳೆ’ಯ ಸಿ.ಡಿ.ಯನ್ನು ಡೊಂಬಿವಿಲಿಯ ನಮ್ಮ ಮನೆಯಲ್ಲಿ ಹಾಕಿದ್ದೆ. ಒಂಬತ್ತು ವರ್ಷದ ಮಗಳು ಹೋಂವರ್ಕ್ ಬಿಟ್ಟು ಬಂದು ಕೇಳಿದಳು: ‘ಅಪ್ಪಾ, ಯಾಕೋ ಅಂದ್ರೆ ಏನು?’ ‘ಯಾಕೆ’ ಅವಳಿಗೆ ಗೊತ್ತು. ಆದರೆ ಆ ‘ಓ’ ಏನು ಮಾಡ್ತದೆ? ಬ್ಯಾಂಕಿನಲ್ಲಿ ಎಷ್ಟೋ ಸಾಲದ ಅರ್ಜಿಗಳಿಗೆ ‘ಯಾಕೆ’ ಎಂದು ಕೇಳಿ ಉತ್ತರ ಬರೆಸಿಕೊಂಡವನು ನಾನು. ಈ ‘ಯಾಕೋ’ಗೆ ಮಾತ್ರ ತಡವರಿಸಿದೆ. ‘ಕಾರಣ ಗೊತ್ತಿಲ್ಲ, ಗೊತ್ತಾಗಬೇಕು ಅಂತಲೂ ಇಲ್ಲ, ಹಾಗೆ’ ಅಂದೆ.

‘ಅನಿಸುತಿದೆ ಯಾಕೋ ಇಂದು’ ಹಾಡಿನ ಗುಟ್ಟೂ ಅಲ್ಲೇ ಇದೆ ಎಂದು ಆಮೇಲೆ ಹೊಳೆಯಿತು. ಯೋಗರಾಜ ಭಟ್ಟರ ಆ ಚಿತ್ರ ತೆರೆಕಂಡದ್ದು 2006ರ ಡಿಸೆಂಬರ್ 29ರಂದು. ಸಿನಿಮಾದ ಪ್ರೇಮಿ ಸಾಮಾನ್ಯವಾಗಿ ಘೋಷಣೆ ಮಾಡುವವನು. ನಾನು ಪ್ರೀತಿಸ್ತೇನೆ, ನಾನು ಕಾಯ್ತೇನೆ, ಎಲ್ಲದಕ್ಕೂ ‘ನಾನು’ ಮುಂದೆ. ‘ಅನಿಸುವುದು’ ಹಾಗಲ್ಲ. ಅದನ್ನು ನಾವು ಮಾಡುವುದಿಲ್ಲ, ಅದು ನಮಗೆ ಆಗುತ್ತದೆ. ಅದಕ್ಕೊಂದು ‘ಯಾಕೋ’ ಸೇರಿದರೆ ಗಂಡಸಿನ ಜಂಬ ಪೂರ್ತಿ ಇಳಿದುಹೋಗುತ್ತದೆ. ತನಗೇನಾಗಿದೆ ಎಂದು ತನಗೇ ತಿಳಿಯದವನ ಹಾಡು ಇದು.

ಇನ್ನೊಂದು ಮಾತು. ‘ಇಂದು’ ಪುಸ್ತಕದ ಪದ, ಮನೆಯಲ್ಲಿ ನಾವು ಅನ್ನುವುದು ‘ಇವತ್ತು’. ‘ಯಾಕೋ’ ಅಡುಗೆಮನೆಯ ಪದ. ಹೊರನಾಡಿನಲ್ಲಿ ಈ ಎರಡು ಕನ್ನಡಗಳು ಬೇರೆ ಬೇರೆ ಮನೆ ಮಾಡಿಕೊಂಡಿರುತ್ತವೆ. ಸಂಘದ ವೇದಿಕೆಗೆ ಒಂದು, ಒಗ್ಗರಣೆಯ ಪಕ್ಕಕ್ಕೆ ಇನ್ನೊಂದು. ಜಯಂತ ಕಾಯ್ಕಿಣಿ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಗೋಕರ್ಣದವರಾದ ಅವರು ಎರಡು ದಶಕಕ್ಕೂ ಹೆಚ್ಚು ಮುಂಬಯಿಯಲ್ಲಿ ಬಾಳಿದವರು. ಪರಭಾಷೆಯ ಗದ್ದಲದಲ್ಲಿ ಬದುಕಿದವರಿಗೆ ತಮ್ಮ ಭಾಷೆಯ ಇಂಥ ಚಿಲ್ಲರೆ ಪದಗಳ ಬೆಲೆ ಚೆನ್ನಾಗಿ ತಿಳಿದಿರುತ್ತದೆ ಎಂಬುದು ನನ್ನ ಊಹೆ.

ರಾಗ ಹಾಕಿದ ಮನೋಮೂರ್ತಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರು. ಹಾಡಿದ ಸೋನು ನಿಗಮ್ ಹರಿಯಾಣದ ಫರೀದಾಬಾದಿನಲ್ಲಿ ಹುಟ್ಟಿದವರು. ‘ಕನ್ನಡ ಬಾರದವರ ಬಾಯಲ್ಲಿ ಕನ್ನಡವೇ?’ ಎಂದು ಆಗಲೂ ನಮ್ಮವರು ಗೊಣಗಿದ್ದುಂಟು. ಅದರ ಕಷ್ಟ ನನಗೆ ಗೊತ್ತಾದದ್ದು ಮಗಳಿಂದ. ಅವಳು ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡಳು. ಹಿಂದಿ, ಮರಾಠಿಗಳಲ್ಲಿ ನಮ್ಮ ಹ್ರಸ್ವ ‘ಎ’ಗೆ ಬೇರೆ ಅಕ್ಷರವಿಲ್ಲ. ಹಾಗಾಗಿ ಅವಳ ‘ಇದೆ’ ಎಲ್ಲ ‘ಇದೇ’ ಆಯಿತು. ಅವಳನ್ನು ತಿದ್ದಿ ತಿದ್ದಿ ಸುಸ್ತಾದ ಮೇಲೆ ಸೋನು ನಿಗಮ್ ಎಷ್ಟು ಜತನದಿಂದ ಹಾಡಿದ್ದಾರೆ ಎನ್ನುವುದು ನನ್ನ ಕಿವಿಗೆ ಬಿತ್ತು. ಅಪರಿಚಿತ ಮನೆಯ ಹೊಸ್ತಿಲು ದಾಟುವವರ ಹಾಗೆ ಪ್ರತಿ ಪದವನ್ನೂ ಮೆಲ್ಲಗೆ ಮುಟ್ಟುತ್ತಾರೆ. ಹಾಡಿನ ಅಂಜಿಕೆಗೆ ಆ ಎಚ್ಚರ ಒದಗಿಬಂತು.

ಖರ್ಚಿನ ಬದಿಯನ್ನೂ ಬರೆಯಬೇಕಲ್ಲ. ಈ ಹಾಡು ಗೆದ್ದದ್ದೇ ತಡ, ಯಾಕೋ, ಏನೋ, ಹೀಗೇ, ಸುಮ್ಮನೆಗಳ ಸುರಿಮಳೆಯಾಯಿತು. ನೋಟು ಹೆಚ್ಚು ಅಚ್ಚಾದರೆ ಅದರ ಬೆಲೆ ಇಳಿಯುತ್ತದೆ, ಪದಕ್ಕೂ ಅಷ್ಟೇ. ಮುಂಬಯಿಯ ದನಿಯೇ ಬೇಕೆಂಬ ಚಾಳಿಯಿಂದ ನಮ್ಮೂರಿನ ಎಷ್ಟೋ ಗಾಯಕರು ಬಾಗಿಲಲ್ಲೇ ನಿಂತರು. 2025ರಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ಆಡಿದ ಮಾತಿಗೆ ಸೋನು ನಿಗಮ್ ಕನ್ನಡಿಗರ ಸಿಟ್ಟಿಗೆ ಗುರಿಯಾಗಿ ಕೊನೆಗೆ ಕ್ಷಮೆ ಕೇಳಿದರು. ನನಗೂ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಹಾಡನ್ನು ಮಾತ್ರ ವಾಪಸು ಕೊಡಲು ಮನಸ್ಸಾಗಲಿಲ್ಲ. ಆಗ ನನಗೆ ನೆನಪಾದದ್ದು 2007ರ ಅದೇ ಮಳೆಗಾಲ.

ಶಿರಸಿಯಿಂದ ಅಮ್ಮನ ಫೋನ್ ಬಂದರೆ ಮಗಳು ‘ಹೂಂ’, ‘ಹಾಂ’ ಅಂದು ರಿಸೀವರ್ ನನ್ನ ಕೈಗಿಡುತ್ತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ನಾಲಗೆಗೆ ಬರುತ್ತಿರಲಿಲ್ಲ. ಆ ಸಂಜೆ ಅಜ್ಜಿ ಎಂದಿನಂತೆ ‘ಊಟ ಆಯ್ತಾ?’ ಕೇಳಿರಬೇಕು.

‘ಇಲ್ಲ ಅಜ್ಜಿ, ಯಾಕೋ ಹಸಿವಿಲ್ಲ’ ಅಂದಳು.

ನಾನು ಪೇಪರ್ ಕೆಳಗಿಟ್ಟೆ. ಅತ್ತ ಅಮ್ಮನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ‘ಮಜ್ಜಿಗೆ ಆದ್ರೂ ಕುಡಿ’ ಅಂದರಂತೆ.