ಬಂಡಾಯ ಮತ್ತು ಭಂಡತನ

ನಮ್ಮ ಮನೋಳಿ ಕಡೆ ಎದುರು ಮಾತಾಡುವ ಹೆಣ್ಣುಮಗಳಿಗೆ ಒಂದು ಬಿರುದು ಸಿದ್ಧವಾಗಿಯೇ ಇರುತ್ತದೆ: "ಭಾಳ ಭಂಡ ಆಗ್ಯಾಳ." ಅದೇ ಮಾತನ್ನು ಗಂಡಸು ಆಡಿದರೆ ಬಂಡೆದ್ದ ಎನ್ನುತ್ತಾರೆ. ಕಿವಿಗೆ ಅಕ್ಕತಂಗಿಯರಂತೆ ಕೇಳಿಸಿದರೂ ಈ ಪದಗಳ ತವರು ಬೇರೆ. ಭಂಡ ಸಂಸ್ಕೃತದ್ದು, ನಾಚಿಕೆಗೆಟ್ಟವರು ಎಂದರ್ಥ. ಬಂಡು ಮರಾಠಿಯಲ್ಲೂ ಇದೆ, ದಂಗೆ ಎಂದರ್ಥ.

ಈ ಸೀಮೆಗೆ ಬಂಡಾಯ ಪುಸ್ತಕದ ಪದವಲ್ಲ. 1824ರಲ್ಲಿ ಕಿತ್ತೂರು, 1858ರಲ್ಲಿ ನರಗುಂದ. 1980ರಲ್ಲಿ ನಮ್ಮೂರ ಮಗ್ಗುಲಲ್ಲೇ ಹರಿಯುವ ಮಲಪ್ರಭೆಯ ನೀರಾವರಿ ಕರದ ವಿರುದ್ಧ ನರಗುಂದ, ನವಲಗುಂದದ ರೈತರು. ಆಳುವವರ ಕಡತದಲ್ಲಿ ಅದು ಅಪರಾಧ, ಲಾವಣಿಯಲ್ಲಿ ಶೌರ್ಯ.

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಸಿಗಲಿಲ್ಲ. ಸಿಟ್ಟಿಗೆದ್ದ ಲೇಖಕರು ಆ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬೇರೆಯಾಗಿ ಸೇರಿ, ಬಂಡಾಯವನ್ನೇ ತಮ್ಮ ಸಂಘಟನೆಯ ಹೆಸರಾಗಿಸಿಕೊಂಡರು. ನವೋದಯ, ನವ್ಯ ಎಂಬ ಹಿಂದಿನ ಹೆಸರುಗಳು 'ನಾವು ಹೊಸಬರು' ಎಂದಷ್ಟೇ ಹೇಳುತ್ತಿದ್ದವು. ಇದು 'ನಾವು ಒಪ್ಪುವುದಿಲ್ಲ' ಎಂದಿತು.

ಆದರೆ ಯಾರನ್ನು ಒಪ್ಪುವುದಿಲ್ಲ? ಕಾವ್ಯ ಖಡ್ಗವಾಗಲಿ ಎಂದವರ ಕಣ್ಣು ಹೆಚ್ಚಾಗಿ ಬೀದಿಯ ಮೇಲಿತ್ತು. ಹೊಸ್ತಿಲೊಳಗೂ ದೊರೆಗಳಿದ್ದಾರೆ ಎಂಬುದನ್ನು ಲೇಖಕಿಯರು ಬರೆದು ತೋರಿಸಬೇಕಾಯಿತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳ ಬಾಳನ್ನು ಅಪ್ಪನೂ ಗಂಡನೂ ಸೇರಿ ಹಾಳುಮಾಡುತ್ತಾರೆ. ಬಂಡಾಯದ ಬಳಗದಲ್ಲೇ ಬೆಳೆದ ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕಥೆಯಲ್ಲಿ ಗಂಡನಿಂದ ನೊಂದ ಮೆಹರುನ್ ತವರಿಗೆ ಬಂದರೆ, ಅಣ್ಣತಮ್ಮಂದಿರೇ ಅವಳನ್ನು ಮರಳಿ ಗಂಡನ ಮನೆಗೆ ಬಿಟ್ಟುಬರುತ್ತಾರೆ. ಸೀಮೆಎಣ್ಣೆ ಸುರಿದುಕೊಂಡವಳನ್ನು ತಡೆಯುವವಳು ಮಗಳು. ಆ ಹೆಸರಿನ ಇಂಗ್ಲಿಷ್ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು.

ಮೆಹರುನ್ ಯಾವ ಘೋಷಣೆಯನ್ನೂ ಕೂಗಲಿಲ್ಲ. ನನಗಿಲ್ಲಿ ಬಾಳಲಾಗದು ಎಂದು ತವರಿಗೆ ಹೇಳಿದಳು, ಅಷ್ಟೆ. ಆ ಮನೆಯವರಿಗೆ ಅದು ಮಾನಗೇಡಾಗಿ, ಅಂದರೆ ಭಂಡತನವಾಗಿ ಕಂಡಿತು. ಓದಿದ ನಮಗೆ ಅದೇ ಬಂಡಾಯ. ಈ ಕಥೆಗಳನ್ನು ಬಿಟ್ಟು ಚಳವಳಿಯ ಹೆಸರಿನ ಅರ್ಥ ಹೇಳಹೊರಟರೆ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ.

ಕುದುರೆ ಏರಿದ ಚೆನ್ನಮ್ಮನನ್ನು ನಾವೆಲ್ಲ ಪೂಜಿಸುತ್ತೇವೆ. ಒಲೆಯ ಮುಂದೆ ಕುಳಿತವಳು "ಒಲ್ಲೆ" ಎಂದಾಗ, ಅವಳನ್ನು ಯಾವ ಪದದಿಂದ ಕರೆಯಬೇಕೆಂದು ಅತ್ತೆಯಂದಿರೂ ತಾಯಂದಿರೂ ಆದ ನಾವೇ ಮೊದಲು ಯೋಚಿಸಬೇಕು.