ಸಂಶೋಧನೆ ಪಾಠವಾಗುವ ಬಗೆ

ಹೊಸ ಸಂಶೋಧನೆಗಳನ್ನು ಮಕ್ಕಳಿಗೆ ತಲುಪಿಸಲೆಂದು 2013ರಲ್ಲಿ ‘ಫ್ರಾಂಟಿಯರ್ಸ್ ಫಾರ್ ಯಂಗ್ ಮೈಂಡ್ಸ್’ ಎಂಬ ಇಂಗ್ಲಿಷ್ ವಿಜ್ಞಾನ ಪತ್ರಿಕೆ ಆರಂಭವಾಯಿತು. ಬರೆಯುವವರು ವಿಜ್ಞಾನಿಗಳು, ಪರಿಶೀಲಿಸುವವರು 8ರಿಂದ 15 ವರ್ಷದ ಮಕ್ಕಳು. ‘ಇದು ಅರ್ಥವಾಗಲಿಲ್ಲ’ ಎಂದು ಮಗು ಹೇಳಿದರೆ ವಿಜ್ಞಾನಿ ತಿದ್ದಿ ಬರೆಯಬೇಕು. ನಮ್ಮ ತರಗತಿಗಳಲ್ಲಿ ಇದೇ ಮಾತು ಹೇಳಿದ ಮಗು ದಡ್ಡ ಎನಿಸಿಕೊಳ್ಳುತ್ತದೆ. ಈ ಒಂದು ಕಾರಣಕ್ಕೇ ಆ ಪತ್ರಿಕೆಯನ್ನು ಮೆಚ್ಚಬೇಕು.

ಆದರೆ ಎಷ್ಟೇ ಸರಳವಾಗಿ ಬರೆದರೂ ಅದು ಓದು ಮಾತ್ರ. 2015ರಲ್ಲಿ ಪತ್ತೆಯಾದ ಗುರುತ್ವ ಅಲೆಗಳ ಬಗ್ಗೆ ಓದಿದ ಮಗು ಬೆರಗಾಗಬಹುದು, ನಂಬಬಹುದು, ತಾನೇ ಪರೀಕ್ಷಿಸಲಾರದು. ಪರೀಕ್ಷಿಸದೆ ನಂಬುವುದನ್ನು ಕಲಿಸಲು ವಿಜ್ಞಾನದ ಪಾಠವೇ ಬೇಕೆ?

ಈ ಕೊರತೆಯನ್ನು ಬಹಳ ಹಿಂದೆಯೇ ಗುರುತಿಸಿದವರು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿದ್ದರು. 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾದ ಅಲ್ಲಿನ ವಿಜ್ಞಾನ ಶಿಕ್ಷಣ ಕಾರ್ಯಕ್ರಮಕ್ಕೆ ದೆಹಲಿ ವಿಶ್ವವಿದ್ಯಾಲಯದ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೈಜೋಡಿಸಿದ್ದರು. ಅದರ ಪಠ್ಯಪುಸ್ತಕ ‘ಬಾಲ ವೈಜ್ಞಾನಿಕ’ದಲ್ಲಿ ಸಿದ್ಧ ಉತ್ತರಗಳಿರಲಿಲ್ಲ. ಮಕ್ಕಳು ಗುಂಪುಗೂಡಿ ಪ್ರಯೋಗ ಮಾಡಿ ಉತ್ತರ ಹುಡುಕಬೇಕಿತ್ತು. ಪರೀಕ್ಷೆಗೂ ಪುಸ್ತಕ ಒಯ್ಯಬಹುದಿತ್ತು. ಸಾವಿರದಷ್ಟು ಶಾಲೆಗಳಿಗೆ ಹಬ್ಬಿದ್ದ ಈ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರಕಾರ ನಿಲ್ಲಿಸಿತು.

ಇನ್ನು ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ನಮ್ಮ ಸಭೆ ಸಮಾರಂಭಗಳಲ್ಲಿ ಇಬ್ನುಲ್ ಹೈಸಮ್‌ರ ಹೆಸರು ಹೆಮ್ಮೆಯಿಂದ ಕೇಳಿಬರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಅವರು ‘ಕಿತಾಬುಲ್ ಮನಾಝಿರ್’ನಲ್ಲಿ ಬರೆದದ್ದು ಆ ಕಾಲದ ಅತ್ಯುನ್ನತ ಸಂಶೋಧನೆ. ಅದರಲ್ಲಿನ ಒಂದು ಪ್ರಯೋಗ ಮಾತ್ರ ಆರನೇ ತರಗತಿಯ ಮಗುವಿಗೂ ಎಟಕುವಂಥದ್ದು. ಕತ್ತಲೆ ಕೋಣೆಗೆ ಒಂದು ಸಣ್ಣ ರಂಧ್ರ, ಹೊರಗೆ ಬೇರೆ ಬೇರೆ ಕಡೆ ದೀಪಗಳು. ಒಳಗೋಡೆಯ ಮೇಲೆ ಪ್ರತಿ ದೀಪಕ್ಕೂ ಒಂದೊಂದು ಬೆಳಕಿನ ಚುಕ್ಕೆ. ಒಂದು ದೀಪವನ್ನು ಮುಚ್ಚಿದರೆ ಅದರ ಚುಕ್ಕೆ ಮಾತ್ರ ಮಾಯ. ಉಳಿದವು ಹಾಗೆಯೇ ಇರುತ್ತವೆ. ಒಂದೇ ರಂಧ್ರದಲ್ಲಿ ಹಾದುಬಂದರೂ ಬೆಳಕುಗಳು ಕಲಸಿಹೋಗಲಿಲ್ಲ.

ನಮ್ಮ ಮಕ್ಕಳಿಗೆ ತಲುಪಿರುವುದೇನು? ಪಠ್ಯಪುಸ್ತಕದಿಂದ ‘ಬೆಳಕು ನೇರವಾಗಿ ಚಲಿಸುತ್ತದೆ’ ಎಂಬ ಒಂದು ವಾಕ್ಯ, ನಮ್ಮ ಭಾಷಣಗಳಿಂದ ಒಂದು ಹೆಸರು. ನಡುವೆ ಇದ್ದ ಪ್ರಯೋಗವನ್ನು ಇಬ್ಬರೂ ಕೈಬಿಟ್ಟಿದ್ದೇವೆ. ಹಿರಿಯರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ನಾವು ಅವರು ಸಂಶಯಪಟ್ಟು ಪರೀಕ್ಷಿಸಿದ ರೀತಿಯನ್ನು ಮಕ್ಕಳಿಗೆ ಕೊಡದಿದ್ದರೆ ಆ ಹೆಮ್ಮೆಗೆ ಬೆಲೆಯಿಲ್ಲ.

ಮೂರು ಮೇಣದ ಬತ್ತಿ, ತೂತು ಮಾಡಿದ ಒಂದು ರಟ್ಟು, ಕಿಟಕಿ ಮುಚ್ಚಿದ ಒಂದು ಕೋಣೆ. ಕನ್ನಡ ಶಾಲೆಗಾಗಲಿ ಉರ್ದು ಶಾಲೆಗಾಗಲಿ ಇದು ದುಬಾರಿಯಲ್ಲ. ಈ ಬದಿಯ ಬತ್ತಿ ಮುಚ್ಚಿದರೆ ಆ ಬದಿಯ ಚುಕ್ಕೆ ಏಕೆ ಹೋಯಿತು ಎಂದು ಒಂದು ಮಗು ಕೇಳಿಯೇ ಕೇಳುತ್ತದೆ. ಆಗ ಮೇಷ್ಟ್ರು ಉತ್ತರ ಹೇಳಲು ಅವಸರಪಡದಿರಲಿ.